ಏವಿಗೆ ಊರು ತೋರಿಸಿದ ದಿನ

ಕಾಲೇಜಿನವರು ಒಂದು ಕಾಗದ ಕೊಟ್ಟಿದ್ದರು.
ಒಂಬತ್ತಕ್ಕೆ ಚಾಪೆಲ್, ಹತ್ತೂವರೆಗೆ ಸುಲ್ತಾನ್ ಬತ್ತೇರಿ,
ಊಟ, ಆಮೇಲೆ ಕದ್ರಿ ಗುಡ್ಡೆ, ಐಸ್‌ಕ್ರೀಂ, ಬೀಚು.
ಕೆಳಗೆ ಸಹಿ, ಸೀಲು.
ಅತಿಥಿ: ಏವಿ, ಎಸ್ಟೋನಿಯಾ.
ಜೊತೆಗೆ: ಮಿಸ್ರಿಯಾ, ದ್ವಿತೀಯ ಬಿ.ಎಸ್ಸಿ.

ನನ್ನನ್ನು ಯಾಕೆ ಆರಿಸಿದರೋ.
ಇಂಗ್ಲಿಷ್ ಚೆನ್ನಾಗುಂಟು ಎಂದರು.
ಊರು ಗೊತ್ತುಂಟಾ ಎಂದು ಯಾರೂ ಕೇಳಲಿಲ್ಲ.

ಹದಿನೈದು ನಂಬರಿನ ಬಸ್ಸಿನ ಕಂಬಿಗೆ
ಎರಡೂ ಕೈಯಲ್ಲಿ ನೇತುಕೊಂಡು ಅವಳು,
ನಿನ್ನ ಹೆಸರಿಗೆ ಅರ್ಥವೇನು?
ಮಿಸ್ರ್ ಅಂದರೆ ಈಜಿಪ್ಟು. ಮಿಸ್ರಿಯಾ, ಅಲ್ಲಿಯವಳು.
ಹೋಗಿದ್ದೀಯಾ?
ನಾನು ಹೋದ ಅತಿ ದೂರ ಉಪ್ಪಳ,
ಚಿಕ್ಕಮ್ಮನ ಮದುವೆಗೆ. ಬಸ್ಸಿನಲ್ಲಿ ವಾಂತಿ ಮಾಡಿದ್ದೆ.

ಕಂಡಕ್ಟರ್ ಸೀಟಿ ಊದಿದ.
ಅದನ್ನೂ ಬರೆದುಕೊಂಡಳು,
ಹಸಿರು ರಟ್ಟಿನ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ.

ಚಾಪೆಲಿನೊಳಗೆ ಕುತ್ತಿಗೆ ನೋಯುವಷ್ಟು ಮೇಲೆ ನೋಡಿದೆವು.
ಹೈಸ್ಕೂಲಿನಿಂದ ಇದೇ ಗುಡ್ಡೆಯ ಕೆಳಗೆ ಬಸ್ಸು ಕಾದವಳು,
ಒಳಗೆ ಕಾಲಿಟ್ಟದ್ದು ಇದೇ ಮೊದಲು.
ಹೇಳಲಿಲ್ಲ.
ಬಾಗಿಲು ಯಾವ ಬದಿ ಎಂದು ಕಾವಲಿನವರಲ್ಲಿ
ತುಳುವಿನಲ್ಲಿ ಕೇಳಿದ್ದೆ, ಅವಳಿಗೆ ತಿಳಿಯದ ಹಾಗೆ.

ಬತ್ತೇರಿಯಲ್ಲಿ ಸಿಕ್ಕಿಬಿದ್ದೆ.
ಫಿರಂಗಿ ಇಡುವ ಕಿಂಡಿಗಳು ಎಷ್ಟು?
ಹದಿನೆಂಟು, ಎಂದೆ, ಬಾಯಿಗೆ ಬಂದದ್ದು.
ಅವಳು ಬೆರಳು ಮಡಚುತ್ತಾ ಒಂದು ಸುತ್ತು ಬಂದಳು,
ಏನೂ ಹೇಳದೆ
ಪುಸ್ತಕದಲ್ಲಿ ಒಂದು ಅಂಕೆ ಹೊಡೆದು ಇನ್ನೊಂದು ಬರೆದಳು.
ಅವಳ ಕಿವಿ ಕೆಂಪಾದದ್ದು ಬಿಸಿಲಿಗೆ.
ನನ್ನದು ಬಿಸಿಲಿಗಲ್ಲ.

ಊಟದಲ್ಲಿ, ಮುಳ್ಳು ತೆಗೆಯಲಿಕ್ಕೆ ನಾನೇ ಕಲಿಸಬೇಕೆಂದುಕೊಂಡರೆ
ಬಂಗುಡೆಯ ಬೆನ್ನೆಲುಬನ್ನು ಬಾಲದಿಂದ ತಲೆಯವರೆಗೆ
ಒಂದೇ ಎಳೆತಕ್ಕೆ ಬಿಡಿಸಿ
ತಟ್ಟೆಯ ಅಂಚಿಗಿಟ್ಟಳು, ನನ್ನ ಉಮ್ಮನ ಹಾಗೆ.
ಕೈ ನೆಕ್ಕಿಕೊಂಡು ಕೇಳಿದಳು,
ನಿನ್ನ ಮನೆ ಎಲ್ಲಿ?
ಆಚೆ.
ಆಚೆ ಅಂದರೆ?

ಕದ್ರಿ ಗುಡ್ಡೆ ಕಾಗದದ ಮಡಿಕೆಯಲ್ಲೇ ಉಳಿಯಿತು.
ಬಂದರಿನ ದಕ್ಕೆ, ಮೀನು ಲಾರಿಯ ನೀರು ದಾಟಿ,
ಮೋನಾಕನ ದೋಣಿ.
ಒಂದು ಸೈಕಲು, ಒಂದು ಗ್ಯಾಸ್ ಸಿಲಿಂಡರು,
ಖಾಲಿ ಬುಟ್ಟಿ ಕವುಚಿ ಕೂತ ಅಪ್ಪಿಯಕ್ಕ,
ನಡುವೆ ಏವಿ.
ದಿನಾ ಹೀಗೇ ಕಾಲೇಜಿಗೆ ಬರುತ್ತೀಯಾ?
ದಿನಾ.
ನಾನೂ, ಎಂದಳು.

ಅವಳದೂ ಒಂದು ದ್ವೀಪ. ಶಾಲೆಗೆ ದೋಣಿ.
ಕೆಲವು ಚಳಿಗಾಲ ಕಡಲೇ ಗಟ್ಟಿಯಾಗಿ
ದೋಣಿ ನಿಲ್ಲುತ್ತದೆ, ನೀರ ಮೇಲೆ ರಸ್ತೆ ತೆರೆಯುತ್ತದೆ,
ದಾರಿ ತಿಳಿಯಲು ಎರಡೂ ಬದಿ ಗಿಡದ ಕೊಂಬೆ ನೆಡುತ್ತಾರೆ.
ಕಾರಿನಲ್ಲಿ ಬೆಲ್ಟ್ ಹಾಕಬಾರದು, ಅದು ಕಾನೂನು.
ಮಂಜು ಒಡೆದರೆ ಹೊರಗೆ ಹಾರಬೇಕಲ್ಲ.

ನಾನು ದೋಣಿಗಿಡೀ ಹೇಳಿದೆ,
ಈ ಬದಿಗೆ ಬ್ಯಾರಿಯಲ್ಲಿ, ಆ ಬದಿಗೆ ತುಳುವಿನಲ್ಲಿ.
ಮೋನಾಕ ಎಂಜಿನ್ ಸಣ್ಣ ಮಾಡಿ ಕಿವಿ ಕೊಟ್ಟರು.
ಅಪ್ಪಿಯಕ್ಕ ಬುಟ್ಟಿಯನ್ನು ಬಿಗಿಯಾಗಿ ಹಿಡಿದು,
ಎಷ್ಟು ದಪ್ಪ ಆಗ್ತದೆ ಕೇಳು ಮಾರಾಯ್ತಿ, ಆ ನೀರು.
ಕೇಳಿದೆ.
ಏವಿ ಆಕಾಶ ನೋಡಿದಳು, ನನ್ನನ್ನು ನೋಡಿದಳು,
ಹದಿನೆಂಟು, ಎಂದಳು.
ಹದಿನೆಂಟು ಇಂಚು.

ನಮ್ಮಿಬ್ಬರ ನಗು ಯಾರಿಗೂ ತಿಳಿಯಲಿಲ್ಲ.
ದೋಣಿ ಸ್ವಲ್ಪ ವಾಲಿತು, ಅಷ್ಟೆ.

ಉಮ್ಮ ಸುಲೈಮಾನಿ ಕೊಟ್ಟಳು, ತಲೆ ಸವರಿದಳು,
ಇಷ್ಟು ಬಿಳಿ ಕೂದಲಿಗೆ ಎಣ್ಣೆ ಸಾಲದು ಎಂದಳು.
ಅಳಿವೆ ಬಾಗಿಲಲ್ಲಿ ಟ್ರಾಲ್ ಬೋಟುಗಳು ಒಂದರ ಹಿಂದೆ ಒಂದು
ಒಳಗೆ ಬರುವುದನ್ನು ನೋಡುತ್ತಾ ಕೂತೆವು.
ಏವಿ ಪುಸ್ತಕ ತೆರೆಯಲಿಲ್ಲ.

ಆರಕ್ಕೆ ಹಾಸ್ಟೆಲಿಗೆ ಮುಟ್ಟಬೇಕು.
ಮೋನಾಕ ಅವಳನ್ನು ದಾಟಿಸಿದರು.
ಈ ದಡದಲ್ಲಿ ನಿಂತು,
ನಾನಿಲ್ಲದೆ ಹೊರಟ ದೋಣಿ ಎಷ್ಟು ಸಣ್ಣದು ಎಂದು
ಮೊದಲ ಸಲ ನೋಡಿದೆ.

ಮರುದಿನ ವರದಿ ಕೊಡಬೇಕಿತ್ತು.
ಕದ್ರಿಗೂ ಟಿಕ್ ಹಾಕಿದೆ. ಐಸ್‌ಕ್ರೀಮಿಗೂ.

ಆದಿತ್ಯವಾರ ಒಬ್ಬಳೇ ಬತ್ತೇರಿಗೆ ಹೋದೆ,
ಬೆರಳು ಮಡಚುತ್ತಾ ಕಿಂಡಿ ಎಣಿಸಿದೆ.
ಒಂದು ಕಿಂಡಿಯಲ್ಲಿ ಹೊಳೆ ಕಂಡಿತು,
ಯಾರದೋ ದೋಣಿ ದಾಟುತ್ತಿತ್ತು.
ಅಲ್ಲಿಗೆ ಲೆಕ್ಕ ತಪ್ಪಿತು.